ಕೃಶಕಾಯರೂ ಮೈತೂಕವೂ

“ಕಡ್ಡಿ ಪೈಲ್ವಾನ”, “ನರಪೇತಲ ನಾರಾಯಣ”, “ಗಾಳಿ ಬೀಸಿದರೆ ಹಾರಿಹೋಗುವವ” — ತೆಳ್ಳಗಿರುವವರನ್ನು ಕುರಿತ ಹಾಸ್ಯಕ್ಕೆ ನಮ್ಮ ಭಾಷೆಯಲ್ಲಿ ಎಂದೂ ಬರವಿಲ್ಲ. ಸ್ಥೂಲಕಾಯನನ್ನು ಎದುರಿಗೆ ಅಣಕಿಸಲು ಹಿಂಜರಿಯುವ ಸಭ್ಯರೂ ಸಣಕಲನನ್ನು ಕಂಡಾಗ ಧಾರಾಳಿಗಳಾಗುತ್ತಾರೆ. “ಮನೆಯಲ್ಲಿ ಊಟ ಹಾಕುವುದಿಲ್ಲವೇನಪ್ಪಾ?” ಎಂದು ಕೇಳದ ಬಂಧುಗಳು ಅಪರೂಪ. ತರಗತಿಯಲ್ಲಿ, ಹಾಸ್ಟೆಲಿನಲ್ಲಿ, ಆಟದ ಬಯಲಿನಲ್ಲಿ ಇಂಥ ಮಾತುಗಳನ್ನು ಕೇಳಿ ಕೇಳಿ ನೊಂದ ತರುಣ ತರುಣಿಯರು ಕೊನೆಗೆ ಯಾವುದೋ ಜಾಹೀರಾತನ್ನೋ ಡಬ್ಬಿಯನ್ನೋ ನಂಬಿ ಹಣವನ್ನೂ ಆರೋಗ್ಯವನ್ನೂ ಕಳೆದುಕೊಳ್ಳುವುದುಂಟು. ಆದುದರಿಂದ ಈ ವಿಷಯವನ್ನು ನಗೆಯನ್ನೂ ಗಾಬರಿಯನ್ನೂ ಬದಿಗಿಟ್ಟು ಸ್ವಲ್ಪ ವಿಚಾರ ಮಾಡಿ ನೋಡುವುದು ಲೇಸು.

ಮೊದಲನೆಯ ಪ್ರಶ್ನೆ: ತೆಳ್ಳಗಿರುವುದು ಒಂದು ರೋಗವೇ? ಅಲ್ಲ. ಎಲ್ಲ ಮರಗಳೂ ಆಲದ ಮರದಂತೆ ಹರಡಿಕೊಳ್ಳುವುದಿಲ್ಲ. ಅಡಕೆಯ ಮರ ನೆಟ್ಟಗೆ, ತೆಳ್ಳಗೆ ಬೆಳೆಯುತ್ತದೆ, ಆದರೂ ಅದು ಬಡವಾದ ಮರವೇನಲ್ಲ. ಆದರೆ ತೆಳುವಿಗೂ ಒಂದು ಮಿತಿಯುಂಟು. ಅದನ್ನು ಅಳೆಯಲು ವೈದ್ಯರು ಬಳಸುವ ಸುಲಭವಾದ ಲೆಕ್ಕವೊಂದಿದೆ. ಬೆಲ್ಜಿಯಂ ದೇಶದ ಗಣಿತಜ್ಞ ಅಡಾಲ್ಫ್ ಕೆಟಲೆ ಎಂಬುವನು ೧೮೩೦ರ ದಶಕದಲ್ಲಿ ಸೂಚಿಸಿದ ಈ ಲೆಕ್ಕಕ್ಕೆ ೧೯೭೨ರಲ್ಲಿ ಅಮೆರಿಕದ ಆನ್ಸೆಲ್ ಕೀಸ್ ಎಂಬ ವಿಜ್ಞಾನಿ ‘ಬಾಡಿ ಮಾಸ್ ಇಂಡೆಕ್ಸ್’ ಎಂದು ಹೆಸರಿಟ್ಟನು. ಕಿಲೋಗ್ರಾಮಿನಲ್ಲಿರುವ ತೂಕವನ್ನು ಮೀಟರಿನಲ್ಲಿರುವ ಎತ್ತರದ ವರ್ಗದಿಂದ ಭಾಗಿಸಿದರೆ ಈ ಸೂಚ್ಯಂಕ ದೊರೆಯುತ್ತದೆ. ಅದು ೧೮.೫ಕ್ಕಿಂತ ಕಡಿಮೆಯಿದ್ದರೆ ವಯಸ್ಕರಲ್ಲಿ ತೂಕ ಸಾಲದೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಒಂದು ಉದಾಹರಣೆ: ೧೭೦ ಸೆಂಟಿಮೀಟರು, ಎಂದರೆ ಸುಮಾರು ಐದು ಅಡಿ ಏಳು ಅಂಗುಲ ಎತ್ತರದ ವಿದ್ಯಾರ್ಥಿಯೊಬ್ಬನು ೫೦ ಕಿಲೋ ತೂಗುತ್ತಾನೆಂದುಕೊಳ್ಳೋಣ. ೧.೭ರ ವರ್ಗ ೨.೮೯. ೫೦ನ್ನು ಅದರಿಂದ ಭಾಗಿಸಿದರೆ ೧೭.೩. ಅವನು ಗೆರೆಯನ್ನು ಮುಟ್ಟಬೇಕಾದರೆ ೫೩.೫ ಕಿಲೋ ಇರಬೇಕು. ಮೂರೂವರೆ ಕಿಲೋ ಕಡಿಮೆಯಾಯಿತು. ಅದೇ ಎತ್ತರದ ಇನ್ನೊಬ್ಬನು ೫೫ ಕಿಲೋ ಇದ್ದರೆ ಅವನ ಸೂಚ್ಯಂಕ ೧೯. ಅವನು ಕನ್ನಡಿಯ ಮುಂದೆ ನಿಂತು ಎಷ್ಟೇ ಕೊರಗಿದರೂ ಅವನಿಗೆ ಕೊರತೆಯೇನೂ ಇಲ್ಲ. ತೂಕವನ್ನು ಹೆಚ್ಚಿಸಿಕೊಳ್ಳಹೊರಡುವ ಮುನ್ನ ಈ ಭಾಗಾಕಾರವೊಂದನ್ನು ಮಾಡಿ ನೋಡುವುದರಿಂದ ಅನೇಕರ ಚಿಂತೆ ಅಲ್ಲಿಗೇ ಪರಿಹಾರವಾಗುವುದು.

ಇನ್ನು ಎರಡನೆಯ ಪ್ರಶ್ನೆ: ಒಂದೇ ಪಂಕ್ತಿಯಲ್ಲಿ ಕುಳಿತು ಒಂದೇ ಊಟ ಮಾಡುವವರಲ್ಲಿ ಒಬ್ಬನು ಉಬ್ಬುವುದೂ ಇನ್ನೊಬ್ಬನು ಹಾಗೆಯೇ ಉಳಿಯುವುದೂ ಏಕೆ? ಅಮೆರಿಕದ ವಿಲಿಯಂ ಷೆಲ್ಡನ್ ಎಂಬುವನು ೧೯೪೦ರ ದಶಕದಲ್ಲಿ ಮನುಷ್ಯರ ದೇಹಗಳನ್ನು ದುಂಡು, ಗಟ್ಟಿ, ತೆಳು ಎಂದು ಮೂರು ವರ್ಗ ಮಾಡಿ, ಪ್ರತಿಯೊಂದಕ್ಕೂ ಒಂದೊಂದು ಸ್ವಭಾವವನ್ನು ಕಟ್ಟಿಕೊಟ್ಟನು. ಮೈಕಟ್ಟಿನಿಂದ ಸ್ವಭಾವವನ್ನು ಹೇಳುವ ಅವನ ಮಾತನ್ನು ಈಗ ವಿಜ್ಞಾನಿಗಳು ಒಪ್ಪುವುದಿಲ್ಲ. ಆದರೆ ಮೈತೂಕದಲ್ಲಿ ಹುಟ್ಟಿನ ಪಾಲಿದೆ ಎಂಬುದು ಮಾತ್ರ ನಿಜ. ಕೆನಡಾ ದೇಶದ ಕ್ಲಾಡ್ ಬುಷಾರ್ ಮತ್ತು ಅವರ ಸಂಗಡಿಗರು ೧೯೯೦ರಲ್ಲಿ ಪ್ರಕಟಿಸಿದ ಪ್ರಯೋಗವೊಂದರಲ್ಲಿ ಹನ್ನೆರಡು ಜೊತೆ ಅವಳಿ ತರುಣರಿಗೆ ನೂರು ದಿನಗಳ ಅವಧಿಯಲ್ಲಿ ೮೪ ದಿನ, ದಿನಕ್ಕೆ ಸಾವಿರ ಕ್ಯಾಲೊರಿಯಷ್ಟು ಹೆಚ್ಚು ಆಹಾರ ಕೊಡಲಾಯಿತು. ಕೆಲವರು ನಾಲ್ಕು ಕಿಲೋ ಮಾತ್ರ ಹೆಚ್ಚಿದರು; ಕೆಲವರು ಹದಿಮೂರು ಕಿಲೋ! ಆದರೆ ಒಂದೇ ಜೊತೆಯ ಅವಳಿಗಳಲ್ಲಿ ಏರಿಕೆ ಹೆಚ್ಚುಕಡಿಮೆ ಒಂದೇ ತೆರನಾಗಿತ್ತು.

೧೯೯೯ರಲ್ಲಿ ಅಮೆರಿಕದ ಮೇಯೊ ಕ್ಲಿನಿಕ್ಕಿನ ಜೇಮ್ಸ್ ಲೆವಿನ್ ಮೊದಲಾದವರು ನಡೆಸಿದ ಇನ್ನೊಂದು ಪ್ರಯೋಗವು ನಮ್ಮ ವಿಷಯಕ್ಕೆ ಇನ್ನೂ ಹತ್ತಿರವಾದುದು. ಹದಿನಾರು ಮಂದಿಗೆ ಎಂಟು ವಾರ ಪ್ರತಿದಿನವೂ ಸಾವಿರ ಕ್ಯಾಲೊರಿ ಹೆಚ್ಚಾಗಿ ಉಣಿಸಿದರು. ಕೊಬ್ಬಿನ ಏರಿಕೆ ಒಬ್ಬನಲ್ಲಿ ಅರ್ಧ ಕಿಲೋಗಿಂತಲೂ ಕಡಿಮೆ. ಮತ್ತೊಬ್ಬನಲ್ಲಿ ನಾಲ್ಕು ಕಿಲೋಗಿಂತ ಹೆಚ್ಚು. ಉಳಿದ ಶಕ್ತಿ ಎಲ್ಲಿ ಹೋಯಿತು? ಕೊಬ್ಬು ಹೆಚ್ಚದವರು ತಮಗೇ ಅರಿವಿಲ್ಲದೆ ಹೆಚ್ಚು ಓಡಾಡಿದ್ದರು. ಕುಳಿತಲ್ಲಿ ಕಾಲಾಡಿಸುವುದು, ಎದ್ದು ನಿಲ್ಲುವುದು, ಸುಮ್ಮನಿರಲಾರದೆ ಏನಾದರೊಂದು ಮಾಡುತ್ತಿರುವುದು, ಇಂಥ ಸಣ್ಣಪುಟ್ಟ ಚಲನೆಗಳಲ್ಲೇ ಕೆಲವರು ದಿನಕ್ಕೆ ಆರುನೂರಕ್ಕೂ ಹೆಚ್ಚು ಕ್ಯಾಲೊರಿಗಳನ್ನು ಸುಟ್ಟುಬಿಟ್ಟಿದ್ದರು. “ಇವನು ಒಂದು ಕಡೆ ಕೂರುವ ಪ್ರಾಣಿಯಲ್ಲ” ಎಂದು ತಾಯಂದಿರು ಹೇಳುವ ಮಾತಿಗೆ ಇದಕ್ಕಿಂತ ಒಳ್ಳೆಯ ಸಾಕ್ಷಿ ಬೇಕೇ? ತೆಳ್ಳಗಿರುವವನ ಉಣಿಸು ವ್ಯರ್ಥವಾಗುವುದಿಲ್ಲ, ಖರ್ಚಾಗುತ್ತದೆ, ಅಷ್ಟೆ. ಆದಾಯಕ್ಕೆ ತಕ್ಕ ವ್ಯಯವಿದ್ದಲ್ಲಿ ಉಳಿತಾಯವೆಲ್ಲಿಂದ ಬರಬೇಕು?

ಹಾಗಾದರೆ ಎಲ್ಲವನ್ನೂ ಹುಟ್ಟಿನ ಮೇಲೆ ಹಾಕಿ ಸುಮ್ಮನಿರೋಣವೇ? ಅದೂ ಸರಿಯಲ್ಲ. ಸರ್ಕಾರಿ ಕಾಲೇಜುಗಳಲ್ಲಿ ಓದುವ ನಮ್ಮಲ್ಲಿ ಎಷ್ಟೋ ಮಂದಿ ಹಳ್ಳಿಯಿಂದ ಮೊದಲನೆಯ ಬಸ್ಸಿಗೆ ಬರುವವರು. ಬೆಳಗ್ಗೆ ಒಂದು ಲೋಟ ಕಾಫಿ, ಮಧ್ಯಾಹ್ನ ಸಿಕ್ಕಿದರೆ ಒಂದಿಷ್ಟು ಚಿತ್ರಾನ್ನ, ರಾತ್ರಿ ಮನೆ ಸೇರಿದ ಮೇಲೆ ಒಂದು ಊಟ. ನಡುವೆ ಮೈಲಿಗಟ್ಟಲೆ ನಡಿಗೆ, ರಜೆಯ ದಿನ ಹೊಲದ ಕೆಲಸ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಲಿಯವರು ೨೦೨೦ರಲ್ಲಿ ಹೊರಡಿಸಿದ ಪಟ್ಟಿಯಂತೆ ಸಾಧಾರಣ ಶ್ರಮದ ಕೆಲಸ ಮಾಡುವ ೬೫ ಕಿಲೋ ತೂಕದ ಗಂಡಸಿಗೆ ದಿನಕ್ಕೆ ಸುಮಾರು ೨,೭೧೦ ಕ್ಯಾಲೊರಿಯೂ ೫೫ ಕಿಲೋ ತೂಕದ ಹೆಂಗಸಿಗೆ ೨,೧೩೦ ಕ್ಯಾಲೊರಿಯೂ ಬೇಕು. ಮೇಲೆ ಹೇಳಿದ ಊಟದಲ್ಲಿ ಅಷ್ಟು ಬರುವುದು ಕಷ್ಟ. ಇಂಥಲ್ಲಿ “ನನ್ನ ಮೈಯೇ ಹೀಗೆ” ಎಂಬುದು ಹಸಿವನ್ನು ಮರೆಮಾಚುವ ಮಾತೂ ಆಗಬಹುದು.

ತೂಕ ಸಾಲದಿದ್ದರೆ ನಷ್ಟವೇನೆಂದು ಕೇಳಬಹುದು. ಅಂದವೊಂದೇ ಆಗಿದ್ದರೆ ಈ ಲೇಖನವನ್ನು ಬರೆಯುವ ಅಗತ್ಯವಿರಲಿಲ್ಲ. ಎರಡನೆಯ ಮಹಾಯುದ್ಧದ ಕೊನೆಯಲ್ಲಿ, ೧೯೪೪-೪೫ರಲ್ಲಿ, ಆನ್ಸೆಲ್ ಕೀಸನು ಮಿನ್ನೆಸೋಟ ವಿಶ್ವವಿದ್ಯಾನಿಲಯದಲ್ಲಿ ೩೬ ಮಂದಿ ಆರೋಗ್ಯವಂತ ತರುಣರನ್ನು, ಅವರ ಒಪ್ಪಿಗೆಯಿಂದಲೇ, ೨೪ ವಾರಗಳ ಕಾಲ ಅರೆಹೊಟ್ಟೆಯಲ್ಲಿರಿಸಿದನು. ಅವರ ತೂಕದಲ್ಲಿ ಸುಮಾರು ನಾಲ್ಕನೆಯ ಒಂದು ಪಾಲು ಇಳಿಯಿತು. ಆದರೆ ಇಳಿದುದು ತೂಕ ಮಾತ್ರವಲ್ಲ. ಅವರಿಗೆ ಓದಿನಲ್ಲಿ ಮನಸ್ಸು ನಿಲ್ಲದಾಯಿತು; ಸಿಡುಕು, ಖಿನ್ನತೆ ಹೆಚ್ಚಿದುವು; ಹಗಲಿರುಳೂ ಊಟದ ಯೋಚನೆಯೇ ಆಯಿತು. ಪರೀಕ್ಷೆಗೆ ಓದುವವರು ಇದನ್ನು ನೆನಪಿನಲ್ಲಿಡಬೇಕು. ಸೋಮಾರಿತನವೆಂದು ನಾವು ಬೈದುಕೊಳ್ಳುವುದು ಎಷ್ಟೋ ವೇಳೆ ಬರಿಯ ಹಸಿವಾಗಿರಬಹುದು. ತೂಕ ತೀರ ಕಡಿಮೆಯಾದ ಹೆಣ್ಣುಮಕ್ಕಳಲ್ಲಿ ಮುಟ್ಟು ಕ್ರಮ ತಪ್ಪುವುದೂ ನಿಂತುಹೋಗುವುದೂ ಉಂಟು. ಅದರೊಡನೆ ಮೂಳೆಯ ಗಟ್ಟಿತನವೂ ಕುಗ್ಗುತ್ತದೆ. ಮೂಳೆಗಳು ತಮ್ಮ ಪೂರ್ಣ ಬಲವನ್ನು ಕೂಡಿಸಿಕೊಳ್ಳುವುದು ಇಪ್ಪತ್ತರ ಹರೆಯದೊಳಗೇ ಎಂಬುದನ್ನು ಯೋಚಿಸಿದರೆ, ಈ ವಯಸ್ಸಿನ ಕೊರತೆ ಮುಪ್ಪಿನವರೆಗೂ ಹಿಂಬಾಲಿಸುವ ಸಾಲವೆಂದೇ ತಿಳಿಯಬೇಕು.

ಕ್ಷಯರೋಗದ ವಿಷಯವಂತೂ ಇನ್ನೂ ಗಂಭೀರವಾದುದು. ಮಂಗಳೂರಿನ ಯೆನೆಪೋಯ ವೈದ್ಯಕೀಯ ಕಾಲೇಜಿನ ಡಾ. ಅನುರಾಗ್ ಭಾರ್ಗವ, ಡಾ. ಮಾಧವಿ ಭಾರ್ಗವ ಮತ್ತು ಅವರ ಸಹೋದ್ಯೋಗಿಗಳು ಜಾರ್ಖಂಡ ರಾಜ್ಯದಲ್ಲಿ ನಡೆಸಿ ೨೦೨೩ರಲ್ಲಿ ಪ್ರಕಟಿಸಿದ ಅಧ್ಯಯನವೊಂದಿದೆ. ಕ್ಷಯರೋಗಿಗಳ ಮನೆಯವರಿಗೆ ತಲೆಗೆ ತಿಂಗಳಿಗೆ ಐದು ಕಿಲೋ ಅಕ್ಕಿ, ಒಂದೂವರೆ ಕಿಲೋ ಬೇಳೆ, ಜೊತೆಗೆ ಜೀವಸತ್ತ್ವದ ಮಾತ್ರೆ, ಇಷ್ಟನ್ನು ಕೊಟ್ಟುದರಿಂದ ಆ ಮನೆಗಳಲ್ಲಿ ಹೊಸದಾಗಿ ಕ್ಷಯ ತಗಲುವುದು ನೂರಕ್ಕೆ ನಲವತ್ತರಷ್ಟು ಇಳಿಯಿತು. ಯಾವ ದುಬಾರಿ ಔಷಧವೂ ಅಲ್ಲ. ಅಕ್ಕಿ ಮತ್ತು ಬೇಳೆ! ಮೈಯಲ್ಲಿ ಸಾಕಷ್ಟು ಕಸುವಿರುವುದೆಂದರೆ ರೋಗಕ್ಕೆ ಬಾಗಿಲು ಹಾಕಿದಂತೆ ಎಂಬುದಕ್ಕೆ ಇದಕ್ಕಿಂತ ಸ್ಪಷ್ಟವಾದ ನಿದರ್ಶನ ಸಿಗಲಾರದು.

ಹಾಗೆಂದ ಮಾತ್ರಕ್ಕೆ ಹೇಗಾದರೂ ಸರಿ, ತೂಕ ಏರಿದರಾಯಿತೆಂದು ಭಾವಿಸಬಾರದು. ಮೈಸೂರು ಪಾಕು, ಬೋಂಡ, ಬಣ್ಣದ ಪಾನೀಯಗಳಿಂದಲೂ ತೂಕ ಏರುತ್ತದೆ. ಆದರೆ ಏರುವುದು ಹೊಟ್ಟೆಯ ಕೊಬ್ಬು. ಇದರಲ್ಲಿ ನಮ್ಮ ದೇಶದವರು ವಿಶೇಷವಾಗಿ ಎಚ್ಚರದಿಂದಿರಬೇಕು. ಪುಣೆಯ ಡಾ. ಚಿತ್ತರಂಜನ ಯಾಜ್ಞಿಕರೂ ಇಂಗ್ಲೆಂಡಿನ ಡಾ. ಜಾನ್ ಯುಡ್ಕಿನ್ನರೂ ತಮ್ಮಿಬ್ಬರ ದೇಹಗಳನ್ನೇ ಅಳೆದು ನೋಡಿ ೨೦೦೪ರಲ್ಲಿ ಒಂದು ಸ್ವಾರಸ್ಯವಾದ ಟಿಪ್ಪಣಿಯನ್ನು ಬರೆದರು. ಇಬ್ಬರ ಸೂಚ್ಯಂಕವೂ ೨೨.೩, ಕೂದಲೆಳೆಯ ಅಂತರವೂ ಇಲ್ಲ. ಆದರೆ ಯುಡ್ಕಿನ್ನರ ಮೈಯಲ್ಲಿ ಕೊಬ್ಬು ನೂರಕ್ಕೆ ಒಂಬತ್ತು. ಯಾಜ್ಞಿಕರಲ್ಲಿ ನೂರಕ್ಕೆ ಇಪ್ಪತ್ತೊಂದು. ಹೊರಗೆ ತೆಳ್ಳಗೆ ಕಂಡರೂ ಒಳಗೆ ಕೊಬ್ಬು ಹೆಚ್ಚು, ಸ್ನಾಯು ಕಡಿಮೆ: ಇದು ಭಾರತೀಯರಲ್ಲಿ ಸಾಮಾನ್ಯವಾಗಿ ಕಂಡುಬರುವ ಮೈಗುಣ. ಸಕ್ಕರೆಯ ಕಾಯಿಲೆ ನಮ್ಮಲ್ಲಿ ಬೇಗನೆ ಕಾಲಿಡುವುದಕ್ಕೆ ಇದೂ ಒಂದು ಕಾರಣ. ಆದುದರಿಂದ ತೆಳ್ಳಗಿರುವವನಿಗೆ ಬೇಕಾದುದು ಸ್ನಾಯು, ಬೊಜ್ಜಲ್ಲ.

ಈಗ ಆಹಾರದ ಲೆಕ್ಕಕ್ಕೆ ಬರೋಣ. ಒಂದು ಗ್ರಾಮು ಪಿಷ್ಟ ಅಥವಾ ಸಸಾರಜನಕದಿಂದ ನಾಲ್ಕು ಕ್ಯಾಲೊರಿಯೂ, ಒಂದು ಗ್ರಾಮು ಕೊಬ್ಬಿನಿಂದ ಒಂಬತ್ತು ಕ್ಯಾಲೊರಿಯೂ ದೊರೆಯುತ್ತವೆ. ಈಗ ತಿನ್ನುತ್ತಿರುವುದಕ್ಕೆ ದಿನಕ್ಕೆ ಮುನ್ನೂರರಿಂದ ಐನೂರು ಕ್ಯಾಲೊರಿಯಷ್ಟನ್ನು ಸೇರಿಸಿದರೆ ಸಾಕು. ತಿಂಗಳಿಗೆ ಒಂದು, ಹೆಚ್ಚೆಂದರೆ ಎರಡು ಕಿಲೋ ಏರಿಕೆ ಒಳ್ಳೆಯದು. ಅದಕ್ಕಿಂತ ಬೇಗ ಏರಿದುದು ಬಹುಪಾಲು ಕೊಬ್ಬೇ. ಐನೂರು ಕ್ಯಾಲೊರಿಯೆಂದರೆ ಎಷ್ಟು? ಐವತ್ತು ಗ್ರಾಮು ಕಡಲೆಕಾಯಿ ಬೀಜದಲ್ಲಿ ಸುಮಾರು ೨೮೦, ಒಂದು ಬಾಳೆಹಣ್ಣಿನಲ್ಲಿ ೯೦ ಚಿಲ್ಲರೆ, ಒಂದು ಲೋಟ ಹಸುವಿನ ಹಾಲಿನಲ್ಲಿ ೧೩೦ ಚಿಲ್ಲರೆ. ಮೂರೂ ಸೇರಿ ಐನೂರಾಯಿತು. ಜೊತೆಗೆ ಇಪ್ಪತ್ತು ಗ್ರಾಮು ಸಸಾರಜನಕವೂ ಬಂತು. ಇದಕ್ಕಾಗಿ ಯಾವ ಡಬ್ಬಿಯನ್ನೂ ಕೊಳ್ಳಬೇಕಾಗಿಲ್ಲ.

ನಮ್ಮ ಹಿರಿಯರು ಸಂಕ್ರಾಂತಿಯಂದು ಹಂಚುವ ಎಳ್ಳುಬೆಲ್ಲವನ್ನೇ ನೋಡಿ: ಎಳ್ಳು, ಕಡಲೆಕಾಯಿ ಬೀಜ, ಕೊಬರಿ, ಹುರಿಗಡಲೆ, ಬೆಲ್ಲ. ಇಷ್ಟು ಚಿಕ್ಕ ಹಿಡಿಯಲ್ಲಿ ಇಷ್ಟು ಕಸುವನ್ನು ಹಿಡಿದಿಡುವ ತಿನಿಸು ಬೇರೆ ಯಾವುದಿದೆ? ವರ್ಷಕ್ಕೊಂದು ದಿನ ಊರಿಗೆಲ್ಲ ಬೀರುವ ಅದನ್ನು ದಿನಕ್ಕೊಂದು ಹಿಡಿ ಜೇಬಿನಲ್ಲಿ ಇಟ್ಟುಕೊಂಡರೆ ಸಣಕಲರ ಸಮಸ್ಯೆ ಅರ್ಧ ಬಗೆಹರಿದಂತೆ. ಕಡಲೆಕಾಯಿಯ ಬೆಲೆಯನ್ನು ವಿಜ್ಞಾನಿಗಳೂ ಅರಿತಿದ್ದರು. ಮೈಸೂರಿನ ಚೆಲುವಾಂಬ ಮಹಲಿನಲ್ಲಿ ೧೯೫೦ರಲ್ಲಿ ಆರಂಭವಾದ ಕೇಂದ್ರೀಯ ಆಹಾರ ಸಂಶೋಧನಾಲಯದವರು ಎಣ್ಣೆ ತೆಗೆದ ಕಡಲೆಕಾಯಿಯ ಹಿಟ್ಟು ಮುಕ್ಕಾಲು ಪಾಲು, ಕಡಲೆಹಿಟ್ಟು ಕಾಲು ಪಾಲು ಬೆರೆಸಿ, ಜೀವಸತ್ತ್ವಗಳನ್ನು ಕೂಡಿಸಿ ‘ಬಹೂಪಯೋಗಿ ಆಹಾರ’ವನ್ನು ಸಿದ್ಧಪಡಿಸಿದ್ದರು. ಒಂದು ಎಚ್ಚರಿಕೆ: ಬೂಷ್ಟು ಹಿಡಿದ, ಕಹಿಯಾದ ಬೀಜವನ್ನು ಉಗುಳಿಬಿಡಬೇಕು. ೧೯೬೦ರಲ್ಲಿ ಇಂಗ್ಲೆಂಡಿನಲ್ಲಿ ಲಕ್ಷಕ್ಕೂ ಮೀರಿ ಟರ್ಕಿ ಕೋಳಿಗಳನ್ನು ಕೊಂದುದು ಇಂಥ ಬೂಷ್ಟಿನಿಂದ ಹುಟ್ಟಿದ ಅಫ್ಲಾಟಾಕ್ಸಿನ್ ಎಂಬ ವಿಷವೇ.

ಬಯಲುಸೀಮೆಯವರ ರಾಗಿಮುದ್ದೆ ಹುರುಳಿ ಸಾರು, ಅವರೆಕಾಳಿನ ಹುಳಿ, ಬಡಗಣವರ ಜೋಳದ ರೊಟ್ಟಿ ಶೇಂಗಾ ಚಟ್ನಿ, ಕರಾವಳಿಯವರ ಅನ್ನ ಮೀನು ತೆಂಗಿನಕಾಯಿ, ಇವೆಲ್ಲ ಒಳ್ಳೆಯ ಜೋಡಿಗಳೇ. ಧಾನ್ಯದಲ್ಲಿ ಕೊರತೆಯಾದ ಲೈಸೀನನ್ನು ಬೇಳೆಯೂ, ಬೇಳೆಯಲ್ಲಿ ಕೊರತೆಯಾದ ಮೆಥಿಯೊನೀನನ್ನು ಧಾನ್ಯವೂ ತುಂಬಿಕೊಡುತ್ತವೆ. ತಪ್ಪಿರುವುದು ಪ್ರಮಾಣದಲ್ಲಿ. ನಾವು ಬೆಟ್ಟದಷ್ಟು ಅನ್ನಕ್ಕೆ ತಿಳಿಸಾರನ್ನು ಸುರಿದುಕೊಂಡು ಹೊಟ್ಟೆ ತುಂಬಿತೆನ್ನುತ್ತೇವೆ. ತಿಳಿಸಾರಿನ ಬದಲು ಗಟ್ಟಿ ತೊವ್ವೆ, ನೀರುಮಜ್ಜಿಗೆಯ ಬದಲು ಮೊಸರು, ಮೇಲೆ ಒಂದು ಚಮಚ ತುಪ್ಪ ಅಥವಾ ಹುಚ್ಚೆಳ್ಳಿನ ಪುಡಿಗೆ ಎಣ್ಣೆ — ಇಷ್ಟು ಬದಲಾವಣೆಯಿಂದ ಹೊಟ್ಟೆಗೆ ಭಾರವಾಗದೆ ಶಕ್ತಿ ಹೆಚ್ಚುತ್ತದೆ. ಮಾಂಸಾಹಾರಿಗಳಿಗೆ ಮೊಟ್ಟೆ, ಮೀನುಗಳಿವೆ. ಒಮ್ಮೆಗೇ ಹೆಚ್ಚು ತಿನ್ನಲಾರದವರು ಮೂರು ಊಟದ ನಡುವೆ ಎರಡು ಸಣ್ಣ ಉಪಾಹಾರಗಳನ್ನು ಇಟ್ಟುಕೊಳ್ಳಬೇಕು. ಊಟಕ್ಕೆ ಮುಂಚೆ ಕಾಫಿ ಕುಡಿದು ಹಸಿವನ್ನು ಕೊಲ್ಲಬಾರದು. ಊಟದ ಜೊತೆಗೂ ಅದು ಬೇಡ. ಸೊಪ್ಪು ಕಾಳುಗಳಲ್ಲಿರುವ ಕಬ್ಬಿಣದ ಅಂಶವನ್ನು ಮೈಗೆ ಹತ್ತಗೊಡದಂತೆ ಕಾಫಿ, ಟೀಗಳು ತಡೆಯುತ್ತವೆ.

ಬರಿದೆ ತಿಂದರೆ ಸ್ನಾಯು ಬೆಳೆಯುವುದಿಲ್ಲ. ಅದಕ್ಕೆ ಕೆಲಸ ಬೇಕು. ತೂಕ ಹೆಚ್ಚಲೆಂದು ಓಡಾಟವನ್ನು ಬಿಟ್ಟು ಕುಳಿತುಬಿಡುವುದು ಕೆಲವರು ಮಾಡುವ ತಪ್ಪು. ಓಟವನ್ನು ಬಿಡಬೇಕಾಗಿಲ್ಲ, ಅದಕ್ಕೆ ತಕ್ಕ ಊಟವನ್ನು ಸೇರಿಸಬೇಕು, ವಾರಕ್ಕೆ ಎರಡು ಮೂರು ದಿನ ಭಾರದ ವ್ಯಾಯಾಮವನ್ನೂ ಕೂಡಿಸಬೇಕು. ನಮ್ಮ ಗರಡಿಮನೆಗಳ ದಂಡ, ಬಸ್ಕಿಗಳು ಇದಕ್ಕೆ ಸಾಕು. ಸೂತ್ರ ಒಂದೇ: ಭಾರವನ್ನಾಗಲಿ ಎಣಿಕೆಯನ್ನಾಗಲಿ ಸ್ವಲ್ಪ ಸ್ವಲ್ಪವಾಗಿ ಏರಿಸುತ್ತ ಹೋಗುವುದು. ಈ ವಾರ ಹತ್ತು ದಂಡ ತೆಗೆದವನು ಮುಂದಿನ ವಾರ ಹನ್ನೆರಡು ತೆಗೆಯಲಿ. ೧೯೦೪-೦೫ರಲ್ಲಿ ಭಾರತದಲ್ಲಿ ಪ್ರವಾಸ ಮಾಡಿದ ಯೂಜೀನ್ ಸ್ಯಾಂಡೋ ಎಂಬ ಜಟ್ಟಿಯ ಹೆಸರು ಇಂದಿಗೂ ನಮ್ಮ ತೋಳಿಲ್ಲದ ಬನಿಯನ್ನಿಗೆ ಅಂಟಿಕೊಂಡಿದೆ. ಆದರೆ ಕನ್ನಡಿಗರಿಗೆ ಮಾದರಿ ಇನ್ನೂ ಹತ್ತಿರದಲ್ಲೇ ಇದ್ದಾರೆ. ‘ಶಾಂತಲಾ’, ‘ರೂಪದರ್ಶಿ’ ಕಾದಂಬರಿಗಳ ಕರ್ತೃ ಕೆ. ವಿ. ಅಯ್ಯರ್ (೧೮೯೭–೧೯೮೦) ಅವರೇ ಬೆಂಗಳೂರಿನ ಹರ್ಕ್ಯುಲಿಸ್ ವ್ಯಾಯಾಮಶಾಲೆಯ ಸ್ಥಾಪಕರು. ಸೂರ್ಯನಮಸ್ಕಾರವನ್ನೂ ಭಾರದ ಸಾಧನೆಯನ್ನೂ ಒಂದುಗೂಡಿಸಿ, ಅಂಚೆಯ ಮೂಲಕ ದೂರದವರಿಗೂ ಪಾಠ ಹೇಳಿದ ಅವರ ಬಾಳು, ಪುಸ್ತಕಕ್ಕೂ ಬಸ್ಕಿಗೂ ವೈರವಿಲ್ಲವೆಂಬುದಕ್ಕೆ ಸಾಕ್ಷಿ. ಇನ್ನು ನಿದ್ರೆ: ದಿನಕ್ಕೆ ಏಳೆಂಟು ಗಂಟೆಯಾದರೂ ಬೇಕು. ದುಡಿದ ಸ್ನಾಯುವನ್ನು ದೇಹ ದುರಸ್ತಿ ಮಾಡಿಕೊಳ್ಳುವುದಕ್ಕೆ ನಿದ್ರೆಯೂ ಒಂದು ಅಗತ್ಯ. ಸಸಾರಜನಕದ ಮಟ್ಟಿಗೆ ಹೇಳುವುದಾದರೆ, ಸಾಮಾನ್ಯರಿಗೆ ಕಿಲೋ ತೂಕಕ್ಕೆ ೦.೮೩ ಗ್ರಾಮು ಸಾಕೆಂದು ಲೆಕ್ಕ. ಭಾರದ ವ್ಯಾಯಾಮ ಮಾಡುವವರಿಗೆ ೧.೨ರಿಂದ ೧.೬ ಗ್ರಾಮು. ಐವತ್ತು ಕಿಲೋ ತೂಕದವನಿಗೆ ಅರುವತ್ತರಿಂದ ಎಂಬತ್ತು ಗ್ರಾಮಾಯಿತು. ಹಾಲು, ಮೊಸರು, ಕಾಳು, ಕಡಲೆಕಾಯಿ, ಸಾಧ್ಯವಿದ್ದವರಿಗೆ ಮೊಟ್ಟೆ, ಇವುಗಳಿಂದ ಅದನ್ನು ಪೂರೈಸಬಹುದು.

ಕಟ್ಟಕಡೆಗೆ ಅತಿ ಮುಖ್ಯವಾದ ಮಾತು. “ಒಂದೇ ತಿಂಗಳಲ್ಲಿ ಹತ್ತು ಕಿಲೋ” ಎಂದು ಕೂಗುವ ಹೆಸರಿಲ್ಲದ ಪುಡಿ, ಗುಳಿಗೆಗಳಿಂದ ದೂರವಿರಿ. ಇಂಥವುಗಳಲ್ಲಿ ಡೆಕ್ಸಾಮೆಥಸೋನ್ ಮೊದಲಾದ ಸ್ಟೀರಾಯ್ಡ್ ಔಷಧಗಳನ್ನು ಗುಟ್ಟಾಗಿ ಬೆರೆಸಿರುವುದುಂಟು. ಅವು ನಿಜವಾದ ರೋಗಗಳಿಗೆ ವೈದ್ಯರು ಕೊಡುವ ಅಮೂಲ್ಯ ಔಷಧಗಳು. ಆದರೆ ಸುಮ್ಮನೆ ನುಂಗಿದರೆ ಮುಖ ಚಂದ್ರನಂತೆ ಊದಿಕೊಳ್ಳುತ್ತದೆ, ಮೈಯಲ್ಲಿ ನೀರು ನಿಲ್ಲುತ್ತದೆ. ನೋಡಿದವರು “ಮೈಕೈ ತುಂಬಿಕೊಂಡ” ಎನ್ನುತ್ತಾರೆ. ಒಳಗಾದರೋ ಸ್ನಾಯು ಕರಗುತ್ತದೆ, ಮೂಳೆ ಟೊಳ್ಳಾಗುತ್ತದೆ, ರಕ್ತದಲ್ಲಿ ಸಕ್ಕರೆ ಏರುತ್ತದೆ. ಬಹುದಿನ ತಿಂದು ಥಟ್ಟನೆ ನಿಲ್ಲಿಸಿದರೆ ಪ್ರಾಣಕ್ಕೇ ಅಪಾಯ. ಈಗಾಗಲೇ ತಿನ್ನುತ್ತಿರುವವರು ವೈದ್ಯರಿಗೆ ತಿಳಿಸಿ ಅವರ ಸಲಹೆಯಂತೆಯೇ ಬಿಡಬೇಕು. ಹಸಿವು ಹೆಚ್ಚಿಸುವುದೆಂದು ಕೆಲವರು ತಾವೇ ಕೊಂಡು ನುಂಗುವ ಸೈಪ್ರೊಹೆಪ್ಟಡೀನ್ ಮಾತ್ರೆ ಅಸಲಿಗೆ ಅಲರ್ಜಿಯ ಔಷಧ. ಅದು ಹಸಿವಿನ ಜೊತೆಗೆ ತೂಕಡಿಕೆಯನ್ನೂ ತರುತ್ತದೆ. ತರಗತಿಯಲ್ಲಿ ನಮಗೆ ಅದರ ಕೊರತೆ ಮೊದಲೇ ಇಲ್ಲವಷ್ಟೆ!

ಹಾಗೆಯೇ ಎಂದೂ ತೆಳ್ಳಗಿರುವವನಿಗೂ, ಇದ್ದಕ್ಕಿದ್ದಂತೆ ತೆಳ್ಳಗಾಗುತ್ತಿರುವವನಿಗೂ ಬಹಳ ವ್ಯತ್ಯಾಸವುಂಟು. ಪ್ರಯತ್ನಪಡದೆ ಆರು ತಿಂಗಳಿನಿಂದ ಒಂದು ವರ್ಷದೊಳಗೆ ತೂಕದ ಇಪ್ಪತ್ತನೆಯ ಒಂದು ಪಾಲು ಇಳಿದರೆ, ಎರಡು ವಾರಕ್ಕೆ ಮೀರಿ ಕೆಮ್ಮು ಇದ್ದರೆ, ಸಂಜೆಯ ಜ್ವರ, ರಾತ್ರಿಯ ಬೆವರು, ಅತಿ ಬಾಯಾರಿಕೆ, ಎದೆ ಡವಗುಟ್ಟುವುದು, ತಡೆಯಿಲ್ಲದ ಭೇದಿ ಇವು ಯಾವುದು ಕಂಡರೂ ಎಳ್ಳುಬೆಲ್ಲವನ್ನು ನಂಬಿ ಕೂರಬಾರದು. ಕ್ಷಯ, ಸಕ್ಕರೆಕಾಯಿಲೆ, ಥೈರಾಯ್ಡ್ ಗ್ರಂಥಿಯ ಅತಿಚಟುವಟಿಕೆ, ಕರುಳಿನ ಹುಳು ಇವುಗಳಲ್ಲಿ ಯಾವುದಾದರೂ ಇರಬಹುದು. ಸರ್ಕಾರಿ ಆಸ್ಪತ್ರೆಗಳಲ್ಲಿ ಕ್ಷಯದ ಪರೀಕ್ಷೆಯೂ ಚಿಕಿತ್ಸೆಯೂ ಉಚಿತ. ನಾಚಿಕೆಪಟ್ಟು ತಡಮಾಡುವುದು ತನಗೂ ಕೇಡು, ಪಕ್ಕದ ಬೆಂಚಿನವನಿಗೂ ಕೇಡು.

ಊಟ ಬಲ್ಲವನಿಗೆ ರೋಗವಿಲ್ಲ ಎಂಬ ಗಾದೆಯಲ್ಲಿ ‘ಬಲ್ಲ’ ಎಂಬುದೇ ಮುಖ್ಯವಾದ ಪದ. ಅತಿಯಾಗಿ ಉಣ್ಣುವವನೂ ಬಲ್ಲವನಲ್ಲ, ಹಸಿದುಕೊಂಡು ಓದುವವನೂ ಬಲ್ಲವನಲ್ಲ. ಹುಟ್ಟಿನಿಂದ ಬಂದ ಮೈಕಟ್ಟನ್ನು ಯಾರೂ ಪೂರ್ತಿ ಬದಲಾಯಿಸಲಾರರು. ಆದರೆ ಅದರೊಳಗೆ ಎಷ್ಟು ಬಲವನ್ನು ತುಂಬಬಹುದೋ ಅಷ್ಟನ್ನು ತುಂಬುವುದು ಬಹುಮಟ್ಟಿಗೆ ನಮ್ಮ ಕೈಯಲ್ಲಿದೆ. ಅಡಕೆಯ ಮರ ಆಲದ ಮರವಾಗಬೇಕಾಗಿಲ್ಲ. ಗಾಳಿಗೆ ಬಾಗಿಯೂ ಮುರಿಯದೆ ನಿಂತು ಗೊನೆ ಬಿಟ್ಟರೆ ಸಾಕು. ನಾಳೆ ಬೆಳಗ್ಗೆ ಬಸ್ಸಿಗೆ ಹೊರಡುವ ಮಿತ್ರರು ಜೇಬಿನಲ್ಲಿ ಒಂದು ಹಿಡಿ ಕಡಲೆಕಾಯಿ ಬೀಜವನ್ನು ಹಾಕಿಕೊಂಡು ಹೊರಟರೆ, ಮತ್ತು ಪಕ್ಕದಲ್ಲಿ ಕುಳಿತ ಇನ್ನೊಬ್ಬ ಸಣಕಲನಿಗೂ ಅದರಲ್ಲಿ ಪಾಲು ಕೊಟ್ಟರೆ, ಈ ಲೇಖನವನ್ನು ಬರೆದುದು ಸಾರ್ಥಕವಾಯಿತೆಂದು ತಿಳಿಯುತ್ತೇನೆ.